ಮಣ್ಣೊಳಗಿನ ಜೀವಿಗಳು ಮತ್ತು ನಮ್ಮ ತೋಟ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಫೋನ್ ಮಾಡಿ, “ನಿಮ್ಮ ಕೆಲಸದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ, ಆದರೆ ಊರಿನವರಿಗೆ ಅರ್ಥ ಆಗುವ ಹಾಗೆ ಇರಲಿ” ಎಂದರು. ನನ್ನ ಕೆಲಸ ಇದ್ದದ್ದು ಮಣ್ಣಿನ ಸೂಕ್ಷ್ಮಜೀವಿಗಳ ಪ್ರಯೋಗಾಲಯದಲ್ಲಿ. ಸುಮಾರು ಮೂವತ್ತು ವರ್ಷ ಗಾಜಿನ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿದೆ. ನಿವೃತ್ತಿಯಾಗಿ ಅಪ್ಪನ ಮೂರೂವರೆ ಎಕರೆ ತೋಟಕ್ಕೆ ವಾಪಸು ಬಂದ ಮೇಲೆ, ಪ್ರಯೋಗಾಲಯದಲ್ಲಿ ಕಲಿಯದ ಕೆಲವು ವಿಷಯಗಳನ್ನು ಇಲ್ಲಿ ಕಲಿತೆ. ಅವುಗಳಲ್ಲಿ ಒಂದೆರಡು ನನ್ನ ತಪ್ಪಿನಿಂದಲೇ ಕಲಿತದ್ದು. ಅದನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಈ ಶಾಲೆಯಿಂದಲೇ ಶುರು ಮಾಡುತ್ತೇನೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಆಟದ ಬಯಲಿಗೆ ಕರೆದುಕೊಂಡು ಹೋದರು. ಬಯಲಿನ ಅಂಚಿನಲ್ಲಿ ಮುಟ್ಟಿದರೆ ಮುನಿ ಗಿಡ ಹರಡಿತ್ತು. ಖೋ ಖೋ ಆಡುವಾಗ ಬರಿಗಾಲಿಗೆ ಅದರ ಮುಳ್ಳು ಚುಚ್ಚುತ್ತಿದ್ದುದರಿಂದ ನಮಗೆಲ್ಲ ಅದರ ಮೇಲೆ ಸಿಟ್ಟು. “ಒಂದೊಂದು ಗಿಡ ಬೇರು ಸಮೇತ ಕೀಳಿ” ಎಂದರು. ಕಿತ್ತೆವು. ಬೇರಿನಲ್ಲಿ ಸಾಸಿವೆ ಗಾತ್ರದ ಗಂಟುಗಳಿದ್ದವು. “ಹುಳ ಬಿದ್ದಿದೆ ಸಾರ್” ಎಂದು ನಾನು ಬಿಸಾಡಲು ಹೋದೆ. ಅವರು ತಡೆದು, ಬ್ಲೇಡಿನಿಂದ ಒಂದು ಗಂಟನ್ನು ಸೀಳಿ ಅಂಗೈ ಮೇಲಿಟ್ಟು ತೋರಿಸಿದರು. ಒಳಗೆ ತಿಳಿ ಗುಲಾಬಿ ಬಣ್ಣ. “ಇದು ರೋಗ ಅಲ್ಲ, ಗೊಬ್ಬರದ ಕಾರ್ಖಾನೆ” ಎಂದರು. ನಾನು ಮುಂದೆ ಓದಿದ್ದಕ್ಕೆಲ್ಲ ಮೂಲ ಆ ಗುಲಾಬಿ ಬಣ್ಣ.

ಆ ಗಂಟಿನ ಕಥೆ ಹೀಗಿದೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕ. ಗಿಡಕ್ಕೆ ಅತ್ಯಗತ್ಯವಾಗಿ ಬೇಕಾದದ್ದೂ ಅದೇ. ಆದರೆ ಗಾಳಿಯಲ್ಲಿರುವ ರೂಪದಲ್ಲಿ ಗಿಡ ಅದನ್ನು ಬಳಸಲಾರದು. 1886ರಲ್ಲಿ ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್ಫಾರ್ತ್ ಎಂಬ ಇಬ್ಬರು, ದ್ವಿದಳ ಧಾನ್ಯದ ಗಿಡಗಳು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಪಡೆಯುತ್ತವೆ ಎಂದು ತೋರಿಸಿದರು. ಎರಡು ವರ್ಷಗಳ ನಂತರ ಹಾಲೆಂಡಿನ ಬೈಯರಿಂಕ್ ಆ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದೇ ರೈಜೋಬಿಯಂ. ಒಳಗಿನ ಗುಲಾಬಿ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಹತ್ತಿರದ ನೆಂಟ. ಗಂಟು ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಯೂರಿಯಾ ತಯಾರಿಸಲು ಮೊದಲು ಅಮೋನಿಯಾ ಬೇಕು. ಅದಕ್ಕಾಗಿ ಕಾರ್ಖಾನೆಯಲ್ಲಿ ನಾನೂರು ಐನೂರು ಡಿಗ್ರಿ ಶಾಖ ಕೊಟ್ಟು, ವಾಯುಭಾರದ ನೂರಾರು ಪಟ್ಟು ಒತ್ತಡ ಹಾಕಬೇಕು. ಅದೇ ಕೆಲಸವನ್ನು ಈ ಸಾಸಿವೆ ಕಾಳಿನಷ್ಟು ಗಂಟು ತಣ್ಣನೆಯ ಮಣ್ಣಿನಲ್ಲಿ ಸದ್ದಿಲ್ಲದೆ ಮಾಡುತ್ತದೆ.

ನಮ್ಮ ಹಿರಿಯರಿಗೆ ಬ್ಯಾಕ್ಟೀರಿಯಾದ ಹೆಸರು ಗೊತ್ತಿರಲಿಲ್ಲ. ಆದರೂ ಕಾಫಿಗೆ ನೆರಳು ಬೇಕೆಂದಾಗ ಹಾಲವಾಣದ ಗೂಟ ನೆಟ್ಟರು. ಮೆಣಸಿನ ಬಳ್ಳಿ ಹಬ್ಬಿಸಲೂ ಅದನ್ನೇ ನೆಟ್ಟರು. ಹಾಲವಾಣವೂ ದ್ವಿದಳ ಜಾತಿಯ ಮರ, ಅದರ ಬೇರಿನಲ್ಲೂ ಗಂಟುಗಳಿವೆ. ಮರಗಸಿ ಮಾಡಿದಾಗ ಬೀಳುವ ಅದರ ಸೊಪ್ಪು ಕೊಳೆತು ಕಾಫಿ ಗಿಡದ ಬುಡಕ್ಕೆ ಸೇರುತ್ತದೆ. ಗೊಬ್ಬರದ ಗಿಡ ಎಂದು ನಾವು ಕರೆಯುವ ಗ್ಲಿರಿಸಿಡಿಯಾ ಕೂಡ ಹಾಗೆಯೇ.

ಆದರೆ ಕಾಫಿ, ಅಡಿಕೆ, ಮೆಣಸು, ಏಲಕ್ಕಿ ದ್ವಿದಳ ಜಾತಿಯವಲ್ಲ. ಇವುಗಳ ಬೇರಿನಲ್ಲಿ ಆ ಗಂಟು ಬರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಮೆಣಸಿನ ಬಳ್ಳಿಯ ಬೇರಿನಲ್ಲಿ ಗಂಟು ಕಂಡರೆ ಖುಷಿಪಡಬೇಡಿ. ಅದು ಜಂತುಹುಳುವಿನ ಬಾಧೆ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಜ್ಜಿದರೆ ಕಳಚಿ ಬೀಳುತ್ತದೆ. ಜಂತುಹುಳುವಿನ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ.

ಹಾಗಾದರೆ ಕಾಫಿಯ ಬೇರಿನ ಜೊತೆಗಾರರು ಯಾರು? ಮುಖ್ಯವಾಗಿ ಮೂರು ಬಗೆ. ಒಂದು, ಅಜೋಸ್ಪಿರಿಲ್ಲಂನಂಥ ಬ್ಯಾಕ್ಟೀರಿಯಾ. ಇವು ಗಂಟು ಕಟ್ಟದೆ ಬೇರಿನ ಸುತ್ತ ಇದ್ದುಕೊಂಡೇ ಒಂದಿಷ್ಟು ಸಾರಜನಕ ಹಿಡಿದುಕೊಡುತ್ತವೆ, ಬೇರು ಕವಲೊಡೆಯಲು ನೆರವಾಗುತ್ತವೆ. ಎರಡು, ರಂಜಕ ಕರಗಿಸುವ ಬ್ಯಾಕ್ಟೀರಿಯಾ. ನಮ್ಮದು ಹುಳಿ ಮಣ್ಣು. ಕೊಟ್ಟಿಗೆಹಾರದ ಸುತ್ತ ವರ್ಷಕ್ಕೆ ನೂರು ಇಂಚು ಮಳೆ ದಾಟುವುದು ಹೊಸದಲ್ಲ. ಆ ಮಳೆಗೆ ಸುಣ್ಣದ ಅಂಶವೆಲ್ಲ ಕೊಚ್ಚಿಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ನಾವು ಹಾಕಿದ ರಂಜಕವನ್ನು ಅವು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಮಣ್ಣಿನಲ್ಲಿ ಇದ್ದರೂ ಅದು ಗಿಡಕ್ಕೆ ಸಿಗುವುದಿಲ್ಲ. ಈ ಬ್ಯಾಕ್ಟೀರಿಯಾಗಳು ಸಾವಯವ ಆಮ್ಲ ಸ್ರವಿಸಿ ಅದರಲ್ಲಿ ಸ್ವಲ್ಪವನ್ನು ಬಿಡಿಸುತ್ತವೆ.

ಮೂರನೆಯದು ಮೈಕೊರೈಜಾ, ಅಂದರೆ ಬೇರು ಶಿಲೀಂಧ್ರ. ಈ ಹೆಸರನ್ನು 1885ರಲ್ಲಿ ಇಟ್ಟವರು ಜರ್ಮನಿಯ ಫ್ರಾಂಕ್ ಎಂಬ ವಿಜ್ಞಾನಿ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಡಿ. ಜೆ. ಭಾಗ್ಯರಾಜ್ ಅವರು ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿ ಹೆಸರಾದವರು. ಈ ಶಿಲೀಂಧ್ರ ಬೇರಿನೊಳಗೆ ಮನೆ ಮಾಡಿ, ಕೂದಲಿಗಿಂತ ಸಣ್ಣ ಎಳೆಗಳನ್ನು ಮಣ್ಣಿಗೆ ಚಾಚುತ್ತದೆ. ಬೇರು ಹೋಗಲಾರದ ಸಂದಿಗೂ ಅದರ ಎಳೆ ಹೋಗಿ ರಂಜಕವನ್ನು ತರುತ್ತದೆ, ಜೊತೆಗೆ ಸತುವನ್ನೂ ನೀರನ್ನೂ ತರುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಈ ಕೊಡುಕೊಳ್ಳುವಿಕೆಗೆ ನಲವತ್ತು ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲೂ ಸಾಕ್ಷಿ ಸಿಕ್ಕಿದೆ.

ಇಷ್ಟು ವಿಜ್ಞಾನ. ಇನ್ನು ನನ್ನ ತಪ್ಪಿಗೆ ಬರುತ್ತೇನೆ.

2018ರಲ್ಲಿ ನಾನು ಊರಿಗೆ ಬಂದ ಹೊಸತು. ಒಂದು ಮದುವೆ ಮನೆಯ ಊಟದ ಸಾಲಿನಲ್ಲಿ ಪಕ್ಕದ ತೋಟದ ಅಣ್ಣ ಸಿಕ್ಕಿದರು. ಗೊಬ್ಬರದ ರೇಟಿನ ಮಾತು ಬಂತು. ಮೂವತ್ತು ವರ್ಷ ಓದಿದವಳೆಂಬ ಜಂಬ ನನಗೆ. “ಯೂರಿಯಾ ಯಾಕಣ್ಣ, ಗಾಳಿ ತುಂಬ ಸಾರಜನಕ ಇದೆ. ಜೈವಿಕ ಗೊಬ್ಬರದ ಪ್ಯಾಕೆಟ್ ಹಾಕಿ ಸಾಕು” ಎಂದುಬಿಟ್ಟೆ. ಅವರು ನನ್ನ ಮಾತನ್ನು ಪೂರ್ತಿ ನಂಬಿದರು. ಆ ವರ್ಷ ರಾಸಾಯನಿಕ ಗೊಬ್ಬರ ಒಂದು ಹಿಡಿಯೂ ಹಾಕಲಿಲ್ಲ. ಪ್ಯಾಕೆಟ್ ತಂದು ಮೈಲುತುತ್ತದ ಚೀಲದ ಪಕ್ಕ, ತಗಡಿನ ಮಾಡಿನ ಶೆಡ್ಡಿನಲ್ಲಿ ಬೇಸಿಗೆಯೆಲ್ಲ ಇಟ್ಟಿದ್ದರು. ಅದನ್ನೇ ಹಾಕಿದರು. ಮುಂದಿನ ವರ್ಷ ಅವರ ರೊಬಸ್ಟಾ ಗಿಡಗಳ ಹಳೆಯ ಎಲೆಗಳ ಅಂಚು ಸುಟ್ಟ ಹಾಗಾಯಿತು, ರೆಕ್ಕೆಗಳು ಒಣಗಿದವು, ಫಸಲು ಕಣ್ಣಿಗೆ ಕಾಣುವಷ್ಟು ಇಳಿಯಿತು. ಒಂದು ದಿನ ಬೇಲಿಯ ಆಚೆ ನಿಂತು, “ತಂಗಿ, ನೀನು ಹೇಳಿದ ಜೀವಿಗಳು ನನ್ನ ತೋಟಕ್ಕೆ ಬಂದ ಹಾಗೆ ಕಾಣ್ಲಿಲ್ಲ” ಎಂದರು. ಬೈದಿದ್ದರೆ ಸುಲಭವಾಗುತ್ತಿತ್ತು.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಅರ್ಧವನ್ನಷ್ಟೇ ಹೇಳಿದ್ದೆ. ಉಳಿದ ಅರ್ಧ ಇದು: ಒಂದು ಟನ್ ಕಾಫಿ ಬೀಜ ಮಾರಿದರೆ ಅದರ ಹಣ್ಣಿನ ಜೊತೆ ತೋಟದಿಂದ 30 ಕಿಲೋಗೂ ಹೆಚ್ಚು ಸಾರಜನಕ ಹೊರಗೆ ಹೋಗುತ್ತದೆ. ಪೊಟ್ಯಾಶ್ ಅದಕ್ಕೂ ಹೆಚ್ಚು ಹೋಗುತ್ತದೆ. ಬೇರಿನ ಸುತ್ತಲಿನ ಬ್ಯಾಕ್ಟೀರಿಯಾ ಸಾರಜನಕದಲ್ಲಿ ಒಂದು ಪಾಲನ್ನು ತುಂಬಿಕೊಡಬಹುದು. ಆದರೆ ಪೊಟ್ಯಾಶ್ ಗಾಳಿಯಲ್ಲಿ ಇಲ್ಲ. ಯಾವ ಜೀವಿಯೂ ಇಲ್ಲದ ಪೊಟ್ಯಾಶನ್ನು ಹುಟ್ಟಿಸಲಾರದು. ಎಲೆಯ ಅಂಚು ಸುಟ್ಟದ್ದು ಅದಕ್ಕೇ. ಕಾಫಿ ಹಣ್ಣಿನ ಸಿಪ್ಪೆ, ಬೂದಿ, ಕೊಟ್ಟಿಗೆ ಗೊಬ್ಬರ ತೋಟಕ್ಕೆ ವಾಪಸು ಹೋಗಬೇಕು, ಸಾಲದ್ದನ್ನು ಚೀಲದ ಗೊಬ್ಬರದಿಂದ ತುಂಬಬೇಕು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ನಿಲ್ಲಿಸಿ ಎಂದು ಯಾರು ಹೇಳಿದರೂ ಕೇಳಬೇಡಿ. ನಾನು ಹೇಳಿದರೂ ಕೇಳಬೇಡಿ.

ಅದೇ ವರ್ಷ, 2019ರ ಆಗಸ್ಟ್. ಆ ಮಳೆ ನಿಮಗೆಲ್ಲ ನೆನಪಿದೆ. ಮಲೆಮನೆ, ಮಧುಗುಂಡಿ ಕಡೆಯವರು ಮನೆ ತೋಟ ಎರಡನ್ನೂ ಬಿಟ್ಟು ಬಂದರು. ಅವರ ನಷ್ಟದ ಮುಂದೆ ನನ್ನದು ಏನೂ ಅಲ್ಲ. ನನ್ನ ತೋಟದ ಮೇಲಿನ ಇಳಿಜಾರಿನಲ್ಲಿ ಅರ್ಧ ಎಕರೆ ಮಾತ್ರ ಜಾರಿತು. ಅಪ್ಪ ನೆಟ್ಟ ಅರೇಬಿಕಾ ಗಿಡಗಳು, ಅವುಗಳ ಕೆಳಗಿನ ಕಪ್ಪು ಮಣ್ಣು, ಎಲ್ಲ ರಾತ್ರಿಯಲ್ಲಿ ಹಳ್ಳಕ್ಕೆ ಹೋದವು. ಬೆಳಿಗ್ಗೆ ನೋಡಿದರೆ ಬರೀ ಕೆಮ್ಮಣ್ಣಿನ ಗೋಡೆ. ಆ ದಿನ ಹಾರೆ ಗುದ್ದಲಿ ಹಿಡಿದು ಮೊದಲು ಬಂದವರು ಅದೇ ಅಣ್ಣ. ಫಸಲಿನ ಮಾತು ಅವರು ಎತ್ತಲಿಲ್ಲ. ನೀರಿಗೆ ಬೇರೆ ದಾರಿ ಬಿಡಿಸಿಕೊಟ್ಟು ಹೋದರು.

2020ರ ಮಳೆಗಾಲದಲ್ಲಿ ಆ ಕೆಮ್ಮಣ್ಣಿನಲ್ಲಿ ಕಾಫಿ ಸಸಿ ನೆಟ್ಟೆ. ಗುಂಡಿಗೆ ಗೊಬ್ಬರ ಹಾಕಿದೆ, ರಾಕ್ ಫಾಸ್ಫೇಟ್ ಹಾಕಿದೆ. ಸಸಿಗಳು ಬೆಳೆಯಲೂ ಇಲ್ಲ, ಬೇಗ ಸಾಯಲೂ ಇಲ್ಲ. ಹಳದಿಯಾಗಿ ನಿಂತಿದ್ದು, ಬೇಸಿಗೆ ಬಂದಾಗ ಬಹುಪಾಲು ಒಣಗಿದವು. ಒಂದು ಸಸಿ ಕಿತ್ತು ಬೇರನ್ನು ತೊಳೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಶಿಲೀಂಧ್ರದ ಎಳೆ ಇಲ್ಲವೆನ್ನುವಷ್ಟು ಕಡಿಮೆ. ಆಗ ಅರ್ಥವಾಯಿತು. ಮಣ್ಣಿನ ಜೀವಿಗಳಲ್ಲಿ ಹೆಚ್ಚಿನವು ಇರುವುದು ಮೇಲಿನ ಒಂದು ಗೇಣಿನಲ್ಲಿ. ಆ ರಾತ್ರಿ ಹಳ್ಳಕ್ಕೆ ಹೋದದ್ದು ಅದೇ ಒಂದು ಗೇಣು. ಜಾವಳಿಯಲ್ಲಿ ಹುಟ್ಟುವ ಹೇಮಾವತಿ ನಮ್ಮ ಕಡೆಯ ಎಷ್ಟು ಗೇಣು ಮಣ್ಣನ್ನು ಗೊರೂರಿನ ಕಡೆಗೆ ಹೊತ್ತಿದೆಯೋ.

ಆಮೇಲೆ ನಾನು ಮಾಡಿದ್ದು ಪ್ರಯೋಗಾಲಯದ ಕೆಲಸವನ್ನೇ, ಆದರೆ ಗೋಣಿಚೀಲದಲ್ಲಿ. ಮೈಕೊರೈಜಾವನ್ನು ಬೇರೆ ಬ್ಯಾಕ್ಟೀರಿಯಾದ ಹಾಗೆ ಬಾಟಲಿಯ ಗಂಜಿಯಲ್ಲಿ ಬೆಳೆಸಲು ಆಗುವುದಿಲ್ಲ. ಅದಕ್ಕೆ ಜೀವಂತ ಬೇರು ಬೇಕು. ಹಳೆಯ ಸಹೋದ್ಯೋಗಿಗಳಿಂದ ಎರಡು ಕಿಲೋ ಮೂಲ ಮಣ್ಣು ತರಿಸಿ, ಮರಳು ಮಣ್ಣು ತುಂಬಿದ ಚೀಲಗಳಲ್ಲಿ ಅದನ್ನು ಹಾಕಿ ರಾಗಿ, ಜೋಳ ಬಿತ್ತಿದೆ. ಮೂರು ತಿಂಗಳ ನಂತರ ಪೈರನ್ನು ಕೊಯ್ದು, ಬೇರನ್ನು ಕೊಚ್ಚಿ ಅದೇ ಮಣ್ಣಿನಲ್ಲಿ ಬೆರೆಸಿದೆ. ಅದೇ ನನ್ನ ಮೈಕೊರೈಜಾ ಗೊಬ್ಬರ. ಯಾರು ಬೇಕಾದರೂ ಮನೆಯ ಹಿತ್ತಲಲ್ಲಿ ಮಾಡಬಹುದು.

2021ರ ಫೆಬ್ರವರಿಯಲ್ಲಿ ಟೋಪಿ ಹಂತದ ಕಾಫಿ ಸಸಿಗಳನ್ನು ನಾಲ್ಕು ಬಗೆಯ ಬುಟ್ಟಿಗೆ, ಅಂದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಒಂದೊಂದು ಬಗೆಗೆ ನಲವತ್ತು. ಮೊದಲನೆಯದು ಬರೀ ಕೆಮ್ಮಣ್ಣು. ಎರಡನೆಯದು ಕೆಮ್ಮಣ್ಣಿಗೆ ಒಂದು ಹಿಡಿ ಮೈಕೊರೈಜಾ. ಮೂರನೆಯದು ನಾವೆಲ್ಲ ಮಾಡುವ ಹಾಗೆ ಆರು ಪಾಲು ಕಾಡು ಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ನಾಲ್ಕನೆಯದು ಆ ಮಿಶ್ರಣಕ್ಕೇ ಮೈಕೊರೈಜಾ. ಕೊರೊನಾದಿಂದ ಶಾಲೆ ಮುಚ್ಚಿದಾಗ ಅಕ್ಕಪಕ್ಕದ ಮನೆಯ ಮಕ್ಕಳು ನೀರು ಹಾಕಿ, ಎಲೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದರು.

ಏನಾಯಿತು ಗೊತ್ತೆ? ಬರೀ ಕೆಮ್ಮಣ್ಣಿನ ಸಸಿ ಕುಂಟಿತು. ಮೈಕೊರೈಜಾ ಹಾಕಿದ ಕೆಮ್ಮಣ್ಣಿನ ಸಸಿ ಅದಕ್ಕಿಂತ ಎಷ್ಟೋ ಚೆನ್ನಾಗಿ ಬಂತು. ಮೂರನೆಯದೂ ನಾಲ್ಕನೆಯದೂ ಇನ್ನೂ ಚೆನ್ನಾಗಿದ್ದವು, ಆದರೆ ಅವೆರಡರ ನಡುವೆ ನನಗೆ ವ್ಯತ್ಯಾಸವೇ ಕಾಣಲಿಲ್ಲ. ಒಬ್ಬ ಹುಡುಗ, “ಅಜ್ಜಿ, ಹಾಗಾದ್ರೆ ನಿಮ್ಮ ಗೊಬ್ಬರ ನಾಲ್ಕನೇ ಸಾಲಿಗೆ ದಂಡ ಅಲ್ವಾ?” ಎಂದು ಕೇಳಿದ. ಹೌದು, ದಂಡವೇ. ಕಾಡು ಮಣ್ಣಿನಲ್ಲಿ ಆ ಜೀವಿಗಳು ಮೊದಲೇ ಇದ್ದವು. ತುಂಬಿದ ಮನೆಗೆ ಇನ್ನಷ್ಟು ನೆಂಟರನ್ನು ಕಳಿಸಿದ ಹಾಗೆ. ಜೀವ ಇರುವ ಮಣ್ಣಿಗೆ ಪ್ಯಾಕೆಟ್ ಅಷ್ಟಾಗಿ ಬೇಕಿಲ್ಲ, ಜೀವ ಕಳೆದುಕೊಂಡ ಮಣ್ಣಿಗೆ ಬೇಕು. ಪಕ್ಕದ ಅಣ್ಣನ ತೋಟದಲ್ಲಿ ದರಗು ಬಿದ್ದು ಕೊಳೆತ ಒಳ್ಳೆಯ ಮಣ್ಣಿತ್ತು. ಅವರಿಗೆ ಪ್ಯಾಕೆಟ್ ಹೇಳಿದ್ದೇ ತಪ್ಪು ಔಷಧಿ. ಅವರಿಗೆ ಬೇಕಿದ್ದದ್ದು ಸುಣ್ಣ ಮತ್ತು ಪೊಟ್ಯಾಶ್. ಇಬ್ಬರೂ ಸೇರಿ ಮಣ್ಣು ಪರೀಕ್ಷೆ ಮಾಡಿಸಿದಾಗ ಚೀಟಿಯಲ್ಲಿ ಅದೇ ಬಂತು. ಅಂದು ನಾನು ಅವರ ಮನೆಗೆ ಹೋಗಿ, ತಪ್ಪಾಯಿತು ಎಂದು ಹೇಳಿ ಬಂದೆ. ಅತ್ತಿಗೆ ಕಾಫಿ ಕೊಟ್ಟರು.

ಹಾಗೆಂದು ಕಾಡು ಮಣ್ಣನ್ನು ಕೆರೆದು ತರುತ್ತಲೇ ಇರಬೇಕೆ? ಒಬ್ಬರು ತಂದರೆ ತಿಳಿಯುವುದಿಲ್ಲ, ಊರೆಲ್ಲ ತಂದರೆ ಕಾಡಿನ ಇಳಿಜಾರೂ ನನ್ನ ಇಳಿಜಾರಿನ ಹಾಗಾಗುತ್ತದೆ. ಅದಕ್ಕೇ ಜೀವಿಗಳನ್ನು ನಮ್ಮಲ್ಲೇ ಬೆಳೆಸಿಕೊಳ್ಳಬೇಕು. 2021ರಲ್ಲಿ ಜಾರಿದ ಜಾಗಕ್ಕೆ ಅಡ್ಡಲಾಗಿ ಲಾವಂಚದ ಸಾಲು ನೆಟ್ಟೆ, ಹಾಲವಾಣ ಮತ್ತು ಗೊಬ್ಬರದ ಗಿಡದ ಗೂಟ ನೆಟ್ಟೆ. ಮಳೆ ಇಳಿದ ಮೇಲೆ ಅಲಸಂದೆ, ಹುರುಳಿ ಬಿತ್ತಿದೆ. ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ ಸವರಿ, ನೆರಳಲ್ಲಿ ಒಣಗಿಸಿ ಬಿತ್ತಿದ್ದು. ಹೂ ಬರುವ ಹೊತ್ತಿಗೆ ಅಲ್ಲೇ ಕಡಿದು ಮಲಗಿಸಿ, ಮೇಲೆ ದರಗು ಹೊದಿಸಿದೆ. 2022ರ ಜೂನಿನಲ್ಲಿ ಎರಡನೇ ಬಗೆಯ ಮತ್ತು ನಾಲ್ಕನೇ ಬಗೆಯ ಸಸಿಗಳನ್ನು ಅಲ್ಲಿ ನೆಟ್ಟೆ. ಕೆಲವು ಹೋದವು, ಹೆಚ್ಚಿನವು ನಿಂತಿವೆ. ಅಪ್ಪನ ಗಿಡಗಳ ಹಾಗೆ ಇನ್ನೂ ಆಗಿಲ್ಲ. ಕಪ್ಪು ಮಣ್ಣು ಎಂದು ಕರೆಯುವಂಥದ್ದು ಈಗ ಒಂದು ಬೆರಳಿನ ದಪ್ಪ ಇದೆ ಅಷ್ಟೆ. ಅದು ಮತ್ತೆ ಗೇಣಾಗುವುದನ್ನು ನಾನು ನೋಡುವುದಿಲ್ಲ.

ಇನ್ನು ಬಳಸುವವರಿಗೆ ನಾಲ್ಕು ಮಾತು.

ಪ್ಯಾಕೆಟ್ ಕೊಳ್ಳುವಾಗ ತಯಾರಾದ ದಿನ, ಅವಧಿ ಮುಗಿಯುವ ದಿನ ನೋಡಿ. 2006ರಿಂದ ಜೈವಿಕ ಗೊಬ್ಬರಗಳು ಸರ್ಕಾರದ ಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದಿವೆ. ಪುಡಿ ರೂಪದ ಬ್ಯಾಕ್ಟೀರಿಯಾ ಗೊಬ್ಬರದ ಒಂದು ಗ್ರಾಮಿನಲ್ಲಿ ಕನಿಷ್ಠ ಐದು ಕೋಟಿ ಜೀವಂತ ಕೋಶಗಳಿರಬೇಕು ಎಂಬುದು ನಿಯಮ. ಅದು ಪೇಟೆಯಿಂದ ತರುವ ಸಾಮಾನಲ್ಲ, ಜೀವಂತ ಪ್ರಾಣಿ ಎಂದುಕೊಳ್ಳಿ. ತಗಡಿನ ಶೆಡ್ಡಿನಲ್ಲಿ ಇಟ್ಟರೆ ಸಾಯುತ್ತದೆ. ತಂಪಾದ ನೆರಳಿನಲ್ಲಿಡಿ.

ಬಿಸಿಲಿನಲ್ಲಿ ಎರಚಬೇಡಿ. ಮಣ್ಣಿನಲ್ಲಿ ಹಸಿ ಇರುವಾಗ, ಸಂಜೆ ಹೊತ್ತು, ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಹಾಕಿ, ಮೇಲೆ ದರಗು ಮುಚ್ಚಿ. ಯೂರಿಯಾ, ಸುಣ್ಣ, ಶಿಲೀಂಧ್ರನಾಶಕ ಯಾವುದರ ಜೊತೆಗೂ ಬೆರೆಸಬೇಡಿ, ಹದಿನೈದು ದಿನ ಅಂತರ ಇರಲಿ.

ಮೆಣಸಿನ ಸೊರಗು ರೋಗಕ್ಕೆ ಟ್ರೈಕೊಡರ್ಮಾ ಹಾಕುತ್ತೇವೆ. ಅದು ಗೊಬ್ಬರವಲ್ಲ, ರೋಗ ತರುವ ಶಿಲೀಂಧ್ರವನ್ನು ತಡೆಯುವ ಇನ್ನೊಂದು ಶಿಲೀಂಧ್ರ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯ ಜೊತೆ ಕಲಸಿ, ಒದ್ದೆ ಗೋಣಿ ಮುಚ್ಚಿ ಹತ್ತು ಹದಿನೈದು ದಿನ ನೆರಳಿನಲ್ಲಿಟ್ಟರೆ ಬಿಳಿ ಹಸಿರಾಗಿ ಬೆಳೆಯುತ್ತದೆ. ಮುಂಗಾರಿಗೆ ಮೊದಲೇ ಹಾಕಿ. ಬಳ್ಳಿ ಸೊರಗಿದ ಮೇಲೆ ಹಾಕಿದರೆ ಪ್ರಯೋಜನ ಕಡಿಮೆ. ಬುಡಕ್ಕೆ ಬೋರ್ಡೋ ಸುರಿದ ಮರುದಿನವೇ ಇದನ್ನು ಹಾಕಿದರೆ ದುಡ್ಡು ನೀರಿಗೆ ಹೋದ ಹಾಗೆ.

ಕೊನೆಯದಾಗಿ, ಎಲ್ಲ ಕಡೆ ಒಂದೇ ಸಲ ಹಾಕಬೇಡಿ. ಒಂದು ಸಾಲಿಗೆ ಹಾಕಿ, ಪಕ್ಕದ ಸಾಲು ಬಿಡಿ. ಒಂದು ವರ್ಷ ನೋಡಿ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ, ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಕಾಲೇಜು ಇವೆ. ಹೋಗಿ ಕೇಳಿ. ಆದರೂ ನಿಮ್ಮ ತೋಟದ ಮಣ್ಣಿನ ಉತ್ತರ ನಿಮ್ಮ ಎರಡು ಸಾಲುಗಳಲ್ಲೇ ಇರುತ್ತದೆ.

ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ಬೆಂಚು, ಫ್ಯಾನು, ಕಂಪ್ಯೂಟರ್ ಕೊಟ್ಟಿದ್ದಾರೆ. ಒಳ್ಳೆಯದು. ನಾನು ನನ್ನ ಹಳೆಯ ಸೂಕ್ಷ್ಮದರ್ಶಕವನ್ನು ತಂದಿದ್ದೇನೆ. ಅದರ ಜೊತೆ ಎಲೆ ಎಣಿಸಿದ ಮಕ್ಕಳ ಆ ನೋಟ್‌ಬುಕ್ಕನ್ನೂ ಇಟ್ಟಿದ್ದೇನೆ, ನಾಲ್ಕನೇ ಸಾಲಿನ ಲೆಕ್ಕ ಸಮೇತ. ವಿಜ್ಞಾನದ ಮೇಷ್ಟ್ರಲ್ಲಿ ಒಂದೇ ಕೋರಿಕೆ. ವರ್ಷಕ್ಕೆ ಒಂದು ಮಧ್ಯಾಹ್ನ ಮಕ್ಕಳನ್ನು ಬಯಲಿನ ಅಂಚಿಗೆ ಕರೆದುಕೊಂಡು ಹೋಗಿ. ಮುಟ್ಟಿದರೆ ಮುನಿ ಈಗಲೂ ಅಲ್ಲಿದೆ, ಬೆಳಿಗ್ಗೆ ನೋಡಿಕೊಂಡು ಬಂದೆ. ಬ್ಲೇಡು ಮಾತ್ರ ನೀವೇ ಹಿಡಿದುಕೊಳ್ಳಿ.